ಅಕ್ಕ ಏನು ಓದುತ್ತಾಳೆ

ದೊಡ್ಡ ಮಗಳು ಮುಂದೆ ಏನು ಓದಬೇಕೆಂಬುದು ಅವಳಿಗೆ ಏಳು ವರ್ಷವಾಗಿದ್ದಾಗಲೇ ನಿಶ್ಚಯವಾಗಿತ್ತು. ನಿಶ್ಚಯಿಸಿದ್ದು ತಾಯಿ. ಚಿಕ್ಕವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಸ್ಪತ್ರೆಯಿಂದ ಬಸ್ಸಿನಲ್ಲಿ ಮರಳುವಾಗ, ಪಕ್ಕದಲ್ಲಿ ಕಿಟಕಿಗೆ ಮೂಗೊತ್ತಿ ಕೂತಿದ್ದ ದೊಡ್ಡವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ನೀನು ಚೆನ್ನಾಗಿ ಓದಿ ಇವಳಿಗೆ ಔಷಧಿ ಕಂಡುಹಿಡೀಬೇಕು, ತಿಳೀತಾ?" ಎಂದಿದ್ದಳು. ಮಗು ತಲೆಯಾಡಿಸಿತ್ತು. ಆ ತಲೆಯಾಟವನ್ನು ನಂಬಿಕೊಂಡೇ ತಾಯಿ ಇಷ್ಟು ವರ್ಷ ಸವೆಸಿದ್ದಳು.

ಅಂದು ಡಾಕ್ಟರು ತಾಳ್ಮೆಯಿಂದಲೇ ವಿವರಿಸಿದ್ದರು. ನಾವು ತಿನ್ನುವ ಹಾಲು, ಮೊಟ್ಟೆ, ಮಾಂಸ, ಬೇಳೆಗಳಲ್ಲಿ ಒಂದು ಅಂಶವಿರುತ್ತದೆ. ಅದನ್ನು ಮುರಿದು ಅರಗಿಸುವುದಕ್ಕೆಂದೇ ಎಲ್ಲರ ಮೈಯಲ್ಲೂ ಒಂದು ಕಿಣ್ವ ಇರುತ್ತದೆ. ಚಿಕ್ಕವಳು, ಪುಟ್ಟಿ, ಆ ಕಿಣ್ವವಿಲ್ಲದೆ ಹುಟ್ಟಿದವಳು. ಅರಗದೆ ಉಳಿದದ್ದು ರಕ್ತದಲ್ಲಿ ಏರಿ, ಮಿದುಳಿಗೆ ಹತ್ತಿ, ಬೆಳೆಯುವ ಮಿದುಳನ್ನು ಕೆಡಿಸುತ್ತದೆ; ಬೆವರು, ಮೂತ್ರದಲ್ಲಿ ಮುಗ್ಗಲು ವಾಸನೆಯಾಗಿ ಹೊರಬೀಳುತ್ತದೆ. ಎಲ್ಲ ಮಕ್ಕಳಿಗೂ ಬಲ ಕೊಡುವ ಹಾಲು ಇವಳಿಗೆ ವಿಷ, ತಾಯಿಯ ಹಾಲೂ ಸೇರಿ. ಹುಟ್ಟಿದ ವಾರದೊಳಗೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದ್ದರೆ ತಿಳಿಯುತ್ತಿತ್ತು. ಪುಟ್ಟಿ ಹುಟ್ಟಿದ ಆಸ್ಪತ್ರೆಗೆ ಆ ಪರೀಕ್ಷೆ ಆಗಿನ್ನೂ ಬಂದಿರಲಿಲ್ಲ. ಇನ್ನು ಮೇಲೆ ಕಟ್ಟುನಿಟ್ಟಾಗಿ ಪಥ್ಯ ಮಾಡಿಸಿ, ಉಳಿದಿರುವುದು ಉಳಿಯುತ್ತದೆ ಎಂದಿದ್ದರು ಡಾಕ್ಟರು. ಹೋಗಿರುವುದರ ಬಗ್ಗೆಯೂ ಏನೋ ಹೇಳಿದ್ದರು. ಅದು ತಾಯಿಯ ಕಿವಿಗೆ ಬಿದ್ದಿತು, ಒಳಗಿಳಿಯಲಿಲ್ಲ.

ಆಗ ಪುಟ್ಟಿಗೆ ಮೂರು ತುಂಬುತ್ತಾ ಬಂದಿತ್ತು. ಅಷ್ಟು ತಡವಾದದ್ದಕ್ಕೆ ಕಾರಣ ತಾಯಿಯ ಕೈಗುಣ.

ಅವಳಿಗೆ ಕೆಲಸ ದೊಡ್ಡದೊಂದು ಲಾಂಡ್ರಿಯಲ್ಲಿ. ಹೋಟೆಲುಗಳ ಹಾಸುಹೊದಿಕೆ, ಆಸ್ಪತ್ರೆಗಳ ಗೌನು, ಶ್ರೀಮಂತರ ದುಬಾರಿ ಕೋಟು ಎಲ್ಲ ಅಲ್ಲಿಗೆ ಬರುತ್ತಿದ್ದವು. ಯಂತ್ರಕ್ಕೆ ಹಾಕುವ ಮೊದಲು ಕಲೆಯಾದ ಬಟ್ಟೆಗಳನ್ನು ಬೇರೆ ಮಾಡಿ, ಒಂದೊಂದು ಬಗೆಯ ಕಲೆಗೂ ಒಂದೊಂದು ದ್ರಾವಣ ಹಚ್ಚಿ, ಮೂಳೆಯ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಕೆದಕಿ ಎಬ್ಬಿಸುವ ಮೇಜು ಅವಳದು. "ಡಾಕ್ಟರಮ್ಮಾ, ಎಮರ್ಜೆನ್ಸಿ ಕೇಸು! ಮದುಮಗ ವೈನ್ ಚೆಲ್ಕೊಂಡಿದಾನೆ, ಬದುಕಿಸ್ತೀಯೋ ಇಲ್ಲ ಹೆಣ ಎತ್ತಿಸಲೋ?" ಎಂದು ಇಸ್ತ್ರಿಯ ಹೆಂಗಸು ಬಟ್ಟೆ ತಂದು ಎಸೆಯುತ್ತಿದ್ದಳು. ಬಹುಪಾಲು ಬಟ್ಟೆಗಳನ್ನು ಅವಳು ಬದುಕಿಸುತ್ತಿದ್ದಳು.

ಪುಟ್ಟಿ ಇನ್ನೂ ತೊಟ್ಟಿಲ ಮಗುವಾಗಿದ್ದಾಗ ಅವಳ ಬಟ್ಟೆಗಳಿಂದ ಒಂದು ವಾಸನೆ ಬರತೊಡಗಿತು. ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯೊಳಗೆ ಇಲಿ ಓಡಾಡಿದಂಥ ಮುಗ್ಗಲು ವಾಸನೆ. ಬೇರೆ ಯಾವ ತಾಯಿಯಾದರೂ ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿಗೆ ಓಡುತ್ತಿದ್ದಳೇನೋ. ಇವಳು ಬಟ್ಟೆ ಎತ್ತಿಕೊಂಡು ಲಾಂಡ್ರಿಗೆ ಓಡಿದಳು. ವಾಸನೆ ಎಂದರೆ ಒಗೆತಕ್ಕೆ ಸಂಬಂಧಿಸಿದ್ದು, ಒಗೆತ ಅವಳ ವಿದ್ಯೆ. ಸೋಪು ಬದಲಿಸಿದಳು, ಬಿಸಿನೀರು ಸಾಲದೆಂದು ಕುದಿಸಿದಳು, ಬಿಸಿಲಿಗೆ ಒಡ್ಡಿದಳು, ಮೇಜಿನ ಮೇಲಿದ್ದ ದ್ರಾವಣಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದಳು. ವಾಸನೆ ಹೋಗುತ್ತಿತ್ತು. ಅದೇ ಆದ ಅನಾಹುತ. ಪ್ರತಿ ಸಲವೂ ಹೋಗುತ್ತಿತ್ತು. ಮರುದಿನ ಮತ್ತೆ ಬಂದಾಗ ಅವಳು ಮತ್ತೆ ಗೆಲ್ಲುತ್ತಿದ್ದಳು. ಮಗು ಕೂರುವುದು ತಡವಾಯಿತು, ಮಾತು ತಡವಾಯಿತು. ಕೆಲವು ಮಕ್ಕಳು ಹಾಗೇ ಎಂದು ಎಲ್ಲರೂ ಅಂದರು. ತಾಯಿ ಒಗೆಯುತ್ತಲೇ ಇದ್ದಳು.

ಈಗ ಪುಟ್ಟಿಗೆ ಹದಿನಾಲ್ಕು. ಎತ್ತರದಲ್ಲಿ ತಾಯಿಯ ಭುಜಕ್ಕೆ ಬರುತ್ತಾಳೆ, ಬುದ್ಧಿಯಲ್ಲಿ ಇನ್ನೂ ಶಾಲೆಗೆ ಸೇರಿಸುವ ವಯಸ್ಸಿನ ಮಗು. ದೊಡ್ಡವಳಿಗೆ ಹದಿನೆಂಟು. ಜೀವರಸಾಯನಶಾಸ್ತ್ರದ ಪದವಿಗೆ ಅವಳಿಗೆ ಸೀಟು ಸಿಕ್ಕಿದೆ. ಪದವಿಯ ವರ್ಷಗಳಲ್ಲಿ ಯಾವಾಗ ಏನು ಓದಬೇಕು, ಓದಿ ಮುಂದೆ ಏನಾಗಬೇಕು ಎಂದು ವಿಭಾಗದವರ ಜೊತೆ ಕೂತು ಯೋಜನೆ ಹಾಕಿಕೊಳ್ಳಲು ಇವತ್ತು ಬರಹೇಳಿದ್ದಾರೆ. ತಂದೆ ಲಾರಿ ಓಡಿಸುವವನು, ದೂರದಲ್ಲೆಲ್ಲೋ ಇದ್ದಾನೆ. ಆದ್ದರಿಂದ ಜೊತೆಗೆ ಹೊರಟವಳು ತಾಯಿಯೇ. ತಂದೆ ಊರಲ್ಲಿದ್ದಿದ್ದರೂ ಅವಳೇ ಹೊರಡುತ್ತಿದ್ದಳು.

ಪುಟ್ಟಿಯನ್ನು ನೋಡಿಕೊಳ್ಳಲು ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತು ತನ್ನ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಇದು, ಕೋಟಿಗೆ ಇಸ್ತ್ರಿ, ತಲೆಗೆ ಕ್ಲಿಪ್ಪು! ಕಾಲೇಜಿಗೆ ಸೇರೋಳು ನೀನಾ ಅವಳಾ?"

"ಸುಮ್ನಿರೆ. ಪುಟ್ಟಿ ಪಥ್ಯದ ಪುಡಿ ಕದಡಿಟ್ಟಿದೀನಿ, ಮೂಗು ಮುಚ್ಚಿಕೊಂಡಾದ್ರೂ ಪೂರ್ತಿ ಕುಡಿಸು. ಬ್ರೆಡ್ಡು ಅವಳದ್ದು ಬೇರೆ ಡಬ್ಬಿಲಿದೆ. ನಿನ್ನ ಚೀಲದಲ್ಲಿ ಬಿಸ್ಕತ್ತಿದ್ರೆ ಈಗ್ಲೇ ನನ್ನ ಕೈಗೆ ಕೊಟ್ಟುಬಿಡು."

"ಪೊಲೀಸ್ನೋರು ಇಷ್ಟು ತಡಕಲ್ಲ," ಎನ್ನುತ್ತಾ ಚಿಕ್ಕಮ್ಮ ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದುಕೊಟ್ಟಳು.

ಪುಟ್ಟಿ ಒಳಗಿನಿಂದ ಓಡಿ ಬಂದಳು. "ಅಕ್ಕ ಇವತ್ತು ಔಷಧಿ ಓದಕ್ಕೆ ಹೋಗ್ತಾಳಾ?"

"ಹೂಂ ಕಂದ."

"ಆಮೇಲೆ ನಾನು ಕೇಕ್ ತಿಂತೀನಾ?"

"ತಿಂತೀಯ. ನೀನು ದೊಡ್ಡವಳಾದ್ಮೇಲೆ."

"ಲೆಕ್ಕನೂ ಬರುತ್ತಾ?"

"ಎಲ್ಲಾ ಬರುತ್ತೆ."

ದೊಡ್ಡವಳು ಬಗ್ಗಿ ಷೂಸಿನ ದಾರ ಕಟ್ಟುತ್ತಿದ್ದಳು. ಕಟ್ಟಿ ಮುಗಿದ ಮೇಲೂ ತಲೆಯೆತ್ತಲಿಲ್ಲ.

ವಿಭಾಗದ ಮೇಡಂ ಕೋಣೆ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಇಕ್ಕಟ್ಟಾದ ಕೋಣೆ. ಕಪಾಟಿನ ತುಂಬ ಬಣ್ಣದ ಗುಂಡುಗಳನ್ನು ಕಡ್ಡಿಗಳಿಂದ ಜೋಡಿಸಿ ಮಾಡಿದ ಅಣುಗಳ ಮಾದರಿಗಳು, ಕಿಟಕಿಯಲ್ಲಿ ನೀರು ಕಾಣದೆ ಒಣಗಿದ ಒಂದು ಗಿಡ. ಮೇಡಂ ಕುರ್ಚಿಯ ಮೇಲಿನ ಪುಸ್ತಕಗಳನ್ನು ನೆಲಕ್ಕಿಳಿಸಿ ತಾಯಿಯನ್ನು ಕೂರಿಸಿದಳು. ಕೂದಲು ಅರ್ಧ ನೆರೆತಿದ್ದ, ಕನ್ನಡಕವನ್ನು ತಲೆಯ ಮೇಲೇರಿಸಿ ಆಮೇಲೆ ಅದಕ್ಕಾಗಿ ಮೇಜೆಲ್ಲ ತಡಕುವ ಹೆಂಗಸು. ತಾಯಿಗೆ ಅವಳನ್ನು ಕಂಡು ಭಯ ಅರ್ಧ ಕಡಿಮೆಯಾಯಿತು.

ಮೇಡಂ ಒಂದು ಹಾಳೆಯ ಮೇಲೆ ಗೆರೆ ಎಳೆದು ವರ್ಷಗಳನ್ನು ವಿಂಗಡಿಸಿದಳು. "ನೋಡಮ್ಮ, ಮೊದಲನೇ ವರ್ಷ ಸಾಮಾನ್ಯ ರಸಾಯನ, ಜೀವಶಾಸ್ತ್ರ, ಗಣಿತ. ಬೇಸರ ಆಗುತ್ತೆ, ತಡ್ಕೊ. ಎರಡನೇ ವರ್ಷ ಸಾವಯವ ರಸಾಯನ. ಅಲ್ಲಿ ಅರ್ಧ ಜನ ಅಳ್ತಾರೆ, ಇನ್ನರ್ಧ ಜನ ಅತ್ತಿದ್ದನ್ನ ಹೇಳಲ್ಲ. ಮೂರನೇ ವರ್ಷ ನಿಜವಾದ ಜೀವರಸಾಯನ ಶುರು, ಪ್ರಯೋಗಾಲಯನೂ ಜಾಸ್ತಿ. ಜೊತೆಗೆ ಭೌತರಸಾಯನ ಅಂತ ಒಂದು ಬರುತ್ತೆ. ಅದನ್ನ ಯಾರೂ ಇಷ್ಟಪಟ್ಟು ತಗೊಳ್ಳಲ್ಲ. ಮದುವೆ ಆದ್ರೆ ಅತ್ತೆ ಬರೋ ಹಾಗೆ ಅದು ತಾನಾಗೇ ಬರುತ್ತೆ."

ತಾಯಿ ಜೋರಾಗಿ ನಕ್ಕಳು. ಇಂಥ ಕೋಣೆಯಲ್ಲಿ ನಗಬಹುದೆಂದು ಅವಳು ಎಣಿಸಿರಲಿಲ್ಲ.

"ಈಗ ಒಂದೇ ಒಂದು ವಿಷಯ ಮಾತ್ರ ಇವತ್ತೇ ತೀರ್ಮಾನ ಆಗಬೇಕು," ಎಂದಳು ಮೇಡಂ. "ನಮ್ಮಲ್ಲಿ ಎರಡು ದಾರಿ ಇದೆ. ವೈದ್ಯಕೀಯದ ಕಡೆ ಹೋಗೋರು ಮೊದಲನೇ ವರ್ಷದಿಂದಲೇ ಶರೀರಶಾಸ್ತ್ರ ತಗೋಬೇಕು. ಕೈಗಾರಿಕೆ ಕಡೆ ಹೋಗೋರು ಅದರ ಬದಲು ಗಣಿತ ಹೆಚ್ಚು ತಗೋಬೇಕು. ಮಧ್ಯದಲ್ಲಿ ಹಾರೋದು ಕಷ್ಟ, ಪ್ರಯೋಗಾಲಯದಲ್ಲಿ ಜಾಗ ಇರಲ್ಲ. ನಿನಗೆ ಯಾಕಮ್ಮ ಈ ವಿಷಯ ಬೇಕು ಅನ್ನಿಸ್ತು? ಅದನ್ನ ಹೇಳು, ದಾರಿ ತಾನಾಗಿ ಗೊತ್ತಾಗುತ್ತೆ."

"ಅವಳ ತಂಗಿಗೋಸ್ಕರ," ಎಂದಳು ತಾಯಿ.

ಆಮೇಲೆ ಅವಳು ನಿಲ್ಲಿಸಲಿಲ್ಲ. ಇಷ್ಟು ವರ್ಷ ಲಾಂಡ್ರಿಯಲ್ಲಿ, ಬಸ್ಸಿನಲ್ಲಿ, ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿ ಹೇಳಿ ಆ ಮಾತುಗಳು ಅವಳ ಬಾಯಲ್ಲಿ ನುಣುಪಾಗಿದ್ದವು. ಪುಟ್ಟಿಯ ಕಾಯಿಲೆ, ಪಥ್ಯ, ಇಲ್ಲದ ಕಿಣ್ವ, ಅಕ್ಕ ಓದಿ ಆ ಕಿಣ್ವವನ್ನು ಮಾಡುವುದು, ಪುಟ್ಟಿ ಎಲ್ಲರಂತಾಗುವುದು. ಮೇಡಂ ಕೇಳಿಸಿಕೊಂಡಳು. ಕೇಳುತ್ತಾ ಒಂದೆರಡು ಸಲ ಹುಡುಗಿಯ ಕಡೆ ನೋಡಿದಳು. ತಾಯಿ ಮುಗಿಸಿದ ಮೇಲೆ, "ಸರಿ ತಾಯಿ," ಎಂದು, ಹುಡುಗಿಗೆ ಹೇಳಿದಳು, "ಈಗ ನೀನು ಹೇಳು."

ದೊಡ್ಡವಳು ಮೇಜಿನ ಅಂಚನ್ನು ಹಿಡಿದುಕೊಂಡಳು. "ನಂಗೆ ಕೈಗಾರಿಕೆ ಕಡೆದು ಬೇಕು ಮೇಡಂ. ಕಿಣ್ವಗಳೇ. ಆದ್ರೆ ಬಟ್ಟೆಗೆ, ತೊಳೆಯೋ ಪುಡಿಗಳಿಗೆ ಹಾಕ್ತಾರಲ್ಲ, ಅಂಥವು. ಬಿಸಿ ಇಲ್ಲದೆ ತಣ್ಣೀರಲ್ಲೇ ಕೆಲಸ ಮಾಡೋ ಅಂಥವನ್ನ ಮಾಡಬೇಕು ಅಂತ."

ತಾಯಿ ಮೊದಲು ಮತ್ತೆ ನಕ್ಕಳು. "ಗಾಬರಿ ಅವಳಿಗೆ. ಏನೋ ಹೇಳ್ತಿದಾಳೆ. ಸೋಪಿನ ಪುಡಿಯಂತೆ!"

ಯಾರೂ ನಗಲಿಲ್ಲ. ಮೇಡಂ ಕನ್ನಡಕವನ್ನು ತಲೆಯಿಂದಿಳಿಸಿ ಕಣ್ಣಿಗೆ ಹಾಕಿಕೊಂಡು, "ಅದು ದೊಡ್ಡ ಕೆಲಸವೇ ತಾಯಿ. ಒಳ್ಳೆ ಉದ್ಯೋಗನೂ ಇದೆ," ಎಂದಳು. ಆಮೇಲೆ ತಾಯಿಯ ಮುಖ ನೋಡಿ, "ಕೆಳಗೆ ಕ್ಯಾಂಟೀನಿದೆ. ಇಬ್ಬರೂ ಏನಾದ್ರೂ ತಿಂದು ಮಾತಾಡ್ಕೊಂಡು ಬನ್ನಿ. ಮಧ್ಯಾಹ್ನ ಕಚೇರಿ ಮುಚ್ಚೋದರೊಳಗೆ ಹೇಳಿದ್ರೆ ಸಾಕು," ಎಂದಳು.

ಕ್ಯಾಂಟೀನಿನಲ್ಲಿ ಜನ ಕಡಿಮೆಯಿದ್ದರು. ಗೋಡೆಯ ಬದಿಯ ಮೇಜಿಗೆ ಹೋಗಿ ತಾಯಿ ಕೋಟು ಬಿಚ್ಚದೆ ಕೂತಳು.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಏನು?"

"ಈ ಸೋಪಿನ ಪುಡಿ ಹುಚ್ಚು."

"ಯಾವಾಗ್ಲೂ ಇತ್ತು ಅಮ್ಮ."

"ಯಾವಾಗ್ಲೂ ಇತ್ತಂತೆ! ನಾನು ಕಲೆ ಉಜ್ಜಿ ಉಜ್ಜಿ ಬೆರಳು ಸವೆಸಿದ್ದು ನೀನು ಕಾಲೇಜಿಗೆ ಹೋಗಿ ಮತ್ತೆ ಅದೇ ಪುಡಿ ಡಬ್ಬಿಗೆ ಬೀಳ್ಲಿ ಅಂತಾನಾ? ಅದಕ್ಕೆ ಪದವಿ ಯಾಕೆ? ನಾಳೆ ಬಾ, ನಾನೇ ಕೆಲಸ ಕೊಡಿಸ್ತೀನಿ."

"ನೀನು ಒಂದ್ಸಲ ಆದ್ರೂ ಕೇಳಿದ್ಯಾ ಅಮ್ಮ, ನಂಗೆ ಕೆಮಿಸ್ಟ್ರಿ ಯಾಕೆ ಇಷ್ಟ ಅಂತ?"

"ಕೇಳೋದೇನು? ಗೊತ್ತಿಲ್ವಾ ನಂಗೆ?"

"ಗೊತ್ತಿಲ್ಲ." ದೊಡ್ಡವಳ ದನಿ ಏರಲಿಲ್ಲ. ಅವಳು ಜಗಳದಲ್ಲೂ ದನಿ ಏರಿಸುವವಳಲ್ಲ. "ಶಾಲೆ ಬಿಟ್ಟ ಮೇಲೆ ನಾನು ನಿನ್ನ ಮೇಜಿನ ಕೆಳಗೆ ಕೂತ್ಕೊಂಡು ಬರೀತಿದ್ದೆನಲ್ಲ. ಒಂದಿನ ಆಸ್ಪತ್ರೆ ಹಾಸಿಗೆ ಬಟ್ಟೆ ಬಂತು, ತುಂಬ ರಕ್ತ. ನೀನು ಬಿಸಿನೀರು ಹಾಕ್ಬೇಡ್ರೇ, ಕಲೆ ಕಚ್ಕೊಳ್ಳುತ್ತೆ ಅಂತ ಎಲ್ಲರಿಗೂ ಬೈದು, ಉಗುರುಬೆಚ್ಚಗಿನ ನೀರಲ್ಲಿ ಆ ಪುಡಿ ಕಲಸಿ ನೆನೆಹಾಕ್ದೆ. ನಾನು ಬಗ್ಗಿ ನೋಡ್ತಾ ಇದ್ದೆ. ಬಿಳಿ ಆಗ್ಹೋಯ್ತು. ರಕ್ತ ಎಲ್ಲಿ ಹೋಯ್ತು ಅಂತ ಕೇಳ್ದೆ. ಪುಡಿ ತಿಂದುಬಿಡ್ತು ಅಂದೆ ನೀನು. ಅದಕ್ಕೆ ಬಾಯಿ ಇದ್ಯಾ ಅಂತ ಕೇಳಿದ್ದಕ್ಕೆ ನೀನು ನಕ್ಕುಬಿಟ್ಟೆ. ಅವತ್ತಿಂದ ನಂಗೆ ಅದೇ. ಬಾಯಿ ಇಲ್ದೆ ಹೆಂಗೆ ತಿನ್ನುತ್ತೆ ಅನ್ನೋದು."

ತಾಯಿಗೆ ಆ ದಿನ ನೆನಪಿರಲಿಲ್ಲ. ಅಂಥ ಹಾಸಿಗೆ ಬಟ್ಟೆಗಳು ಎಷ್ಟು ಬಂದಿದ್ದವೋ. ತನ್ನ ಮೇಜಿನ ಕೆಳಗೆ ಕೂತಿದ್ದ ಮಗುವಿನ ತಲೆಯಲ್ಲಿ ಅಷ್ಟು ದೊಡ್ಡದೊಂದು ಸಂತೋಷ ಹುಟ್ಟಿತ್ತೆಂದು ತಿಳಿದದ್ದು ಈಗ. ತಿಳಿದು ಅವಳಿಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಸೋಪನ್ನು ನಂಬಿಯೇ ಅಲ್ಲವೇ ಅವಳು ಒಂದು ಮಗುವನ್ನು ಕೈಬಿಟ್ಟದ್ದು? ಅದೇ ಸೋಪು ಈಗ ಇನ್ನೊಂದನ್ನೂ ಕರೆಯುತ್ತಿದೆ.

"ತಂಗಿಗಿಂತ ನಿಂಗೆ ಸೋಪು ಹೆಚ್ಚಾಯ್ತಾ?" ಎಂದಳು.

ಹುಡುಗಿ ಮುಖ ಪಕ್ಕಕ್ಕೆ ತಿರುಗಿಸಿದಳು. ಕೆನ್ನೆಗೆ ಏಟು ಬಿದ್ದವರು ತಿರುಗಿಸುವ ಹಾಗೆ. ಆ ಕಡೆ ನೋಡುತ್ತಲೇ ಹೇಳಿದಳು.

"ಎರಡು ವರ್ಷದ ಹಿಂದೆ ನಿಂಗೆ ರಜೆ ಸಿಗದೆ ಪುಟ್ಟಿನ ರಕ್ತ ಪರೀಕ್ಷೆಗೆ ನಾನು ಕರ್ಕೊಂಡ್ಹೋಗಿದ್ನಲ್ಲ, ಅವತ್ತು ಡಾಕ್ಟರನ್ನ ಕೇಳ್ದೆ. ನಾನು ಓದಿ ಆ ಕಿಣ್ವ ಮಾಡಿದ್ರೆ ಇವಳು ಸರಿಹೋಗ್ತಾಳಾ ಅಂತ. ಅವರು ನನ್ನನ್ನ ಕೂರಿಸ್ಕೊಂಡು ಹೇಳಿದ್ರು. ಕಿಣ್ವಕ್ಕೆ ಬದಲಿ ಮಾಡೋಕೆ ಆಗ್ಲೇ ಎಷ್ಟೋ ಜನ ಕೂತಿದಾರೆ, ನಾಳೆ ಅದು ಬಂದ್ರೂ ಪಥ್ಯ ಸಡಿಲ ಆಗಬಹುದು, ಅಷ್ಟೆ. ಮಿದುಳು ಬೆಳೆಯೋ ವಯಸ್ಸಲ್ಲಿ ಕೆಟ್ಟಿದ್ದು ಕೆಟ್ಟಿತು. ಅದನ್ನ ಯಾವ ಔಷಧಿನೂ ವಾಪಸ್ ತರಲ್ಲ."

"ಅದು ಅವರ ಮಾತು. ಹಳೇ ಕಾಲದ ಡಾಕ್ಟರು."

"ನಾನೂ ಓದ್ದೆ ಅಮ್ಮ. ಸಿಕ್ಕಿದ್ದೆಲ್ಲ ಓದ್ದೆ. ಅವರು ಸುಳ್ಳು ಹೇಳಿದ್ರೆ ಸಾಕಪ್ಪ ಅನ್ಕೊಂಡು ಓದ್ದೆ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಮೊದಲ್ನೇ ದಿನವೇ ಹೇಳಿದ್ರಂತೆ."

ಪಕ್ಕದ ಮೇಜಿನಲ್ಲಿ ಯಾರೋ ಕುರ್ಚಿ ಎಳೆದರು. ತಾಯಿ ಕೋಟಿನ ಗುಂಡಿಯೊಂದನ್ನು ಹಾಕಿದಳು, ಬಿಚ್ಚಿದಳು. ಹೌದು, ಹೇಳಿದ್ದರು. ಹೋದದ್ದು ಬರುವುದಿಲ್ಲ ತಾಯಿ ಎಂದಿದ್ದರು, ಅವಳ ಕೈ ಮೇಲೆ ಕೈಯಿಟ್ಟು. ಆ ಕೈಯ ಭಾರ ನೆನಪಿತ್ತು. ಮಾತನ್ನು ಮಾತ್ರ ಅವಳು ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ 'ಈಗಲೇ ಬರುವುದಿಲ್ಲ' ಎಂದು ಮಾಡಿಕೊಂಡಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಅದು 'ದೊಡ್ಡವಳು ಓದಿದರೆ ಬರುತ್ತದೆ' ಎಂದಾಗಿತ್ತು.

"ಬೇರೆಯವರ ಮಕ್ಕಳಿಗಾದ್ರೂ ಆಗುತ್ತಲ್ಲೇ," ಎಂದಳು. ದನಿಯಲ್ಲಿ ಬಲವಿರಲಿಲ್ಲ. "ಯಾವ ಮಗುಗಾದ್ರೂ."

"ಆಗುತ್ತೆ. ಆದ್ರೆ ನಾನು ದಿನಾ ಪ್ರಯೋಗಾಲಯಕ್ಕೆ ಹೋಗಿ ಅದನ್ನೇ ನೋಡ್ಬೇಕು. ದಿನಾ ಮನೆಗೆ ಬಂದು ಪುಟ್ಟಿನ ನೋಡ್ಬೇಕು. ಅವಳು ಔಷಧಿ ಆಯ್ತಾ ಅಂತ ಕೇಳ್ತಾಳೆ. ನನ್ನ ಕೈಲಿ ಆಗಲ್ಲ ಅಮ್ಮ." ಅವಳು ಎರಡೂ ಅಂಗೈಗಳಿಂದ ಕಣ್ಣೊರೆಸಿಕೊಂಡಳು. "ಆದ್ರೆ ನೀನು ಬೇಡ ಅಂದ್ರೆ ಬೇಡ. ಈಗ್ಲೇ ಹೋಗಿ ವೈದ್ಯಕೀಯನೇ ಬರೆಸ್ತೀನಿ. ನಿಜವಾಗ್ಲೂ. ಮುಖ ಊದಿಸ್ಕೊಳ್ಳಲ್ಲ, ಚೆನ್ನಾಗಿ ಓದ್ತೀನಿ. ನೀನು ಹೇಳಿಬಿಡು."

ಅವಳು ಹಾಗೆ ಅಂದರೆ ಹಾಗೆಯೇ ಮಾಡುವವಳು ಎಂಬುದು ತಾಯಿಗೆ ಗೊತ್ತಿತ್ತು. ಒಂದು ಮಾತು ಸಾಕು. ಮೇಲೆ ಹೋಗಿ ಆ ಹಾಳೆಯಲ್ಲಿ ಶರೀರಶಾಸ್ತ್ರ ಎಂದು ಬರೆಸಿದರೆ, ಮನೆಗೆ ಹೋಗಿ ಪುಟ್ಟಿಗೆ ಬೆಳಗಿನ ಉತ್ತರವನ್ನೇ ಕೊಡಬಹುದು. ನಾಳೆ ಲಾಂಡ್ರಿಯಲ್ಲಿ ಇಸ್ತ್ರಿಯವಳಿಗೆ ಹೇಳಬಹುದು. ಇನ್ನೂ ಎಷ್ಟೋ ವರ್ಷ ಅದನ್ನೇ ಹೇಳಿಕೊಂಡಿರಬಹುದು. ಆ ವರ್ಷಗಳೆಲ್ಲ ತನಗೆ ಬೇಕು ಎಂದು ಅವಳಿಗೆ ಹಸಿವಿನಂತೆ ಅನಿಸಿತು. ಮಾತು ನಾಲಿಗೆಗೆ ಬಂದಿತ್ತು.

"ಹೋಗು, ಏನಾದ್ರೂ ತಗೊಂಡು ತಿನ್ನು. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ," ಎಂದಳು.

ದೊಡ್ಡವಳು ಎದ್ದು ಹೋಗಿ, ಮೊಟ್ಟೆ ಇಟ್ಟ ಬ್ರೆಡ್ಡು ಒಂದು, ತಾಯಿಗೆ ಕಾಫಿ ಒಂದು ತಂದಳು. ಕಾಫಿಯನ್ನು ತಾಯಿಯ ಮುಂದಿಟ್ಟಳು. ಆಮೇಲೆ ಕೂರಲಿಲ್ಲ. ಬ್ರೆಡ್ಡನ್ನು ಕೈಯಲ್ಲಿ ಹಿಡಿದು, ಗೋಡೆಯ ಮೂಲೆಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ನಿಂತು, ತಲೆ ತಗ್ಗಿಸಿ ಬೇಗಬೇಗ ತಿನ್ನತೊಡಗಿದಳು.

ತಾಯಿ ಕಾಫಿಯ ಲೋಟ ಎತ್ತಿದವಳು ಹಾಗೇ ನಿಲ್ಲಿಸಿದಳು.

ಮನೆಯಲ್ಲಿ ಪುಟ್ಟಿಯ ಕಣ್ಣೆದುರು ಯಾರೂ ಹಾಲು ಮೊಟ್ಟೆ ತಿನ್ನಬಾರದೆಂಬ ಕಟ್ಟಳೆಯನ್ನು ಅವಳೇ ಮಾಡಿದ್ದಳು. ಬೆಳೆಯುವ ಹುಡುಗಿಗೆ ಬೇಕೆಂದು ದಿನವೂ ಒಂದು ಬೇಯಿಸಿದ ಮೊಟ್ಟೆಯನ್ನು ಕಾಗದದಲ್ಲಿ ಸುತ್ತಿ ದೊಡ್ಡವಳ ಕೈಗೆ ಕೊಟ್ಟು ಹೊರಗೆ ಕಳಿಸುತ್ತಿದ್ದಳು. ಮಗು ಕೆಳಗಿನ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ತಿಂದು, ಬಾಯೊರೆಸಿಕೊಂಡು, ಸಿಪ್ಪೆಯನ್ನು ಬೀದಿಯ ಕಸದ ಡಬ್ಬಕ್ಕೆ ಹಾಕಿ ಶಾಲೆಗೆ ಹೋಗುತ್ತಿತ್ತು. ಎಷ್ಟು ಜಾಣ ಮಗು ಎಂದು ತಾಯಿ ಕಿಟಕಿಯಿಂದ ನೋಡಿ ಹೆಮ್ಮೆಪಟ್ಟಿದ್ದುಂಟು. ಅದು ಮಗುವಾಗಿದ್ದಾಗಿನ ಮಾತು, ಈಗ ಮುಗಿದಿದೆ ಎಂದುಕೊಂಡಿದ್ದಳು. ಇಲ್ಲಿ ಪುಟ್ಟಿ ಇಲ್ಲ. ಇಲ್ಲಿ ಈ ಹುಡುಗಿಯನ್ನು ಬಲ್ಲವರೇ ಇಲ್ಲ. ಆದರೂ ಅವಳು ಮೂಲೆಯಲ್ಲಿ ನಿಂತು, ಕದ್ದವಳ ಹಾಗೆ, ಅಗಿಯುವುದಕ್ಕೂ ಬಿಡುವಿಲ್ಲದೆ ನುಂಗುತ್ತಿದ್ದಾಳೆ. ತಾನು ಹಾಗೆ ನಿಂತಿರುವುದು ಅವಳಿಗೇ ಗೊತ್ತಿಲ್ಲ.

"ಬಾ ಇಲ್ಲಿ," ಎಂದಳು ತಾಯಿ.

ದೊಡ್ಡವಳು ತಿರುಗಿದಳು. ಕೆನ್ನೆ ಉಬ್ಬಿತ್ತು.

"ಕೂತ್ಕೊಂಡು ತಿನ್ನು."

ಅವಳು ಬಂದು ಕೂತಳು. ಏಕೆಂದು ಅವಳಿಗೆ ಅರ್ಥವಾಗಲಿಲ್ಲ. ತಾಯಿ ಕಾಫಿ ಕುಡಿಯುವ ನೆಪದಲ್ಲಿ ಲೋಟವನ್ನು ಮುಖದವರೆಗೆ ಹಿಡಿದುಕೊಂಡೇ ಇದ್ದಳು. ಮಗಳು ಕೊನೆಯ ತುಂಡು ತಿಂದು ಬೆರಳು ಒರೆಸಿಕೊಂಡ ಮೇಲೆ ಹೇಳಿದಳು:

"ಹೋಗು. ನಿಂಗೆ ಬೇಕಾದ್ದು ಬರೆಸು."

"ಅಮ್ಮ, ಸಿಟ್ಟಲ್ಲಿ ಹೇಳ್ತಿದೀಯಾ?"

"ಸಿಟ್ಟೂ ಇದೆ. ನೀನು ಹೋಗು."

"ನೀನೂ ಬಾ ಮೇಲಕ್ಕೆ."

"ನನ್ನ ಕಾಲು ನೋಯ್ತಿದೆ. ಹೋಗಿ ಬಾ."

ಅವಳ ಕಾಲು ನೋಯುತ್ತಿರಲಿಲ್ಲ. ಮಗಳು ಮೆಟ್ಟಿಲೇರಿ ಮರೆಯಾದ ಮೇಲೆ ತಾಯಿ ತಣ್ಣಗಾದ ಕಾಫಿಯ ಮುಂದೆ ಒಬ್ಬಳೇ ಕೂತಳು. ಪುಟ್ಟಿ ಇನ್ನು ಯಾವತ್ತೂ ಹೀಗೆಯೇ. ಈ ವಾಕ್ಯವನ್ನು ಅವಳು ಮನಸ್ಸಿನಲ್ಲಿ ಕೂಡ ಒಂದು ಸಲವೂ ಪೂರ್ತಿ ಹೇಳಿಕೊಂಡಿರಲಿಲ್ಲ. ಈಗ ಹೇಳಿಕೊಂಡಳು. ಎದೆಯೊಡೆಯಲಿಲ್ಲ, ಏನೂ ಆಗಲಿಲ್ಲ. ಕ್ಯಾಂಟೀನಿನ ಹುಡುಗಿ ಬಂದು ಮೇಜು ಒರೆಸಿ, ಲೋಟ ತೆಗೆಯಲೇ ಎಂದು ಕೇಳಿದಳು. ತೆಗೆ ಎಂದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಮೇಡಂ ಏನಂದರು ಎಂದು ತಾಯಿ ಕೇಳಿದಳು. ಗಣಿತ ಗಟ್ಟಿ ಮಾಡಿಕೊಂಡು ಬಾ ಎಂದರಂತೆ. ಮೂರನೇ ವರ್ಷದ ರಜೆಯಲ್ಲಿ ಕಿಣ್ವ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಕಳಿಸುತ್ತಾರಂತೆ. ಆಮೇಲೆ ಬೇಕಿದ್ದರೆ ಇನ್ನೂ ಮೇಲೆ ಓದಬಹುದಂತೆ. ಹುಡುಗಿ ಸಂತೋಷವನ್ನು ಅದುಮಿಕೊಂಡು ಹೇಳುತ್ತಿದ್ದಳು, ಆದರೂ ಅದು ಮಾತಿನ ಕೊನೆಯಲ್ಲಿ ಇಣುಕುತ್ತಿತ್ತು. ತಾಯಿ ಹೂಂ, ಹೂಂ ಎಂದಳು. ಇಳಿಯುವ ನಿಲ್ದಾಣ ಹತ್ತಿರವಾದಾಗ ದೊಡ್ಡವಳು, "ಪುಟ್ಟಿಗೆ ಏನು ಹೇಳೋದು?" ಎಂದಳು.

"ನಾನು ಹೇಳ್ತೀನಿ."

"ಔಷಧಿನೇ ಓದ್ತೀನಿ ಅಂದ್ರಾಯ್ತು ಅಮ್ಮ. ಅವಳಿಗೇನು ಗೊತ್ತಾಗುತ್ತೆ?"

"ಆಗ ಅವಳು ಕೇಳೋದು ನಿನ್ನನ್ನ. ಪ್ರತಿ ಸಲ ಹಾಸ್ಟೆಲಿಂದ ರಜೆಗೆ ಬಂದಾಗ."

ಬಾಗಿಲು ತೆಗೆದವಳು ಚಿಕ್ಕಮ್ಮ. "ಬಂದ್ರಾ ವಿಜ್ಞಾನಿಗಳು! ಇವಳು ಪುಡಿ ನೀರು ಅರ್ಧ ನನ್ನ ಮೇಲೆ ಉಗುಳಿದಾಳೆ, ಅರ್ಧ ಕುಡಿದಿದಾಳೆ. ನನ್ನ ಲೆಕ್ಕದಲ್ಲಿ ಪಾಸು," ಎಂದವಳು ತನ್ನ ಅಕ್ಕನ ಮುಖ ನೋಡಿ, ಚೀಲ ತೆಗೆದುಕೊಳ್ಳಲು ಒಳಗೆ ಹೋದಳು.

ಪುಟ್ಟಿ ನೆಲದ ಮೇಲೆ ಕೂತು ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಬಣ್ಣಬಣ್ಣವಾಗಿ ಸಾಲಿಡುತ್ತಿದ್ದಳು. ಅಕ್ಕನನ್ನು ಕಂಡು ಎದ್ದಳು. "ಔಷಧಿ ಓದಕ್ಕೆ ಸೇರಿದ್ಯಾ?"

ದೊಡ್ಡವಳು ಬಾಯಿ ತೆರೆದಳು. ಅಷ್ಟರಲ್ಲಿ ತಾಯಿ ಪುಟ್ಟಿಯ ಎದುರು ಕೂತು, ಅವಳನ್ನೂ ಕೂರಿಸಿದಳು.

"ಇಲ್ಲ ಪುಟ್ಟಿ. ಅಕ್ಕ ಬೇರೆ ಓದ್ತಾಳೆ."

"ಏನು ಓದ್ತಾಳೆ?"

"ಬಟ್ಟೆ ಕಲೆ ಹೋಗೋದು ಹೇಗೆ ಅಂತ."

"ನಂದು ಯಾರು ಓದ್ತಾರೆ?"

"ಯಾರೂ ಓದಲ್ಲ ಮಗಳೇ. ನಿನ್ನ ತಲೆಗೆ ಲೆಕ್ಕ ಬರಿಸೋ ಔಷಧಿ ಇಲ್ಲ. ಇದೆ ಅಂತ ನಾನು ಸುಳ್ಳು ಹೇಳ್ತಿದ್ದೆ."

ಪುಟ್ಟಿ ತಾಯಿಯ ಮುಖವನ್ನು ನೋಡಿದಳು, ಆಮೇಲೆ ಅಕ್ಕನ ಮುಖವನ್ನು. ಇಬ್ಬರಲ್ಲಿ ಯಾರೂ ನಗುತ್ತಿರಲಿಲ್ಲ.

"ಕೇಕು?"

"ಕೇಕೂ ಇಲ್ಲ."

"ನಾನು ದೊಡ್ಡವಳಾದ್ಮೇಲೆ ಅಂತ ನೀನೇ ಅಂದಿದ್ದೆ."

"ನೀನು ದೊಡ್ಡವಳಾಗಿದೀಯ ಪುಟ್ಟಿ," ಎಂದಳು ತಾಯಿ. "ಆಗಿಬಿಟ್ಟಿದೀಯ."

ಪುಟ್ಟಿ ತನ್ನ ಕೈಗಳನ್ನು ನೋಡಿಕೊಂಡಳು, ಚಾಚಿದ ಉದ್ದ ಕಾಲುಗಳನ್ನು ನೋಡಿಕೊಂಡಳು. ಮಾತು ಅವಳೊಳಗೆ ಎಲ್ಲಿಗೆ ಮುಟ್ಟಿತೋ ಹೇಳುವಂತಿರಲಿಲ್ಲ. ಆಮೇಲೆ ಒಮ್ಮೆಗೇ ಕ್ಲಿಪ್ಪುಗಳನ್ನು ಕೋಣೆಯ ತುಂಬ ಚೆಲ್ಲಿ, ಅಕ್ಕನ ಕಡೆ ನುಗ್ಗಿ, "ನೀನು ಕೆಟ್ಟೋಳು!" ಎಂದು ಹೊಡೆಯತೊಡಗಿದಳು. ದೊಡ್ಡವಳು ತಡೆಯಲಿಲ್ಲ. ತಾಯಿ ಹಿಂದಿನಿಂದ ಅವಳನ್ನು ಅವಚಿ ಹಿಡಿದುಕೊಂಡು, "ಅವಳಲ್ಲ, ನಾನು. ನನ್ನ ಹೊಡಿ, ನಾನು ಹೇಳಿದ್ದು," ಎನ್ನುತ್ತಾ ನೆಲದ ಮೇಲೆ ಕುಸಿದಳು. ಪುಟ್ಟಿ ತಾಯಿಯನ್ನೂ ಹೊಡೆದಳು. ದಣಿದ ಮೇಲೆ ಅವಳ ತೋಳಿನಲ್ಲೇ ಮುಖವಿಟ್ಟು ಅತ್ತಳು. ಚಿಕ್ಕಮ್ಮ ಬಾಗಿಲ ಬಳಿ ನಿಂತು ನೋಡಿ, ಕ್ಲಿಪ್ಪುಗಳನ್ನು ಆರಿಸಿ ತುಂಬಿಟ್ಟು ಹೋದಳು.

ಮರುದಿನ ಬೆಳಿಗ್ಗೆ ತಾಯಿ ಪಥ್ಯದ ಪುಡಿ ಕದಡಿ ತಂದಾಗ ಪುಟ್ಟಿ ಹಾಸಿಗೆಯಲ್ಲಿ ಎದ್ದು ಕೂತು ಕೇಳಿದಳು, "ಅಕ್ಕ ಔಷಧಿ ಓದ್ತಾಳಾ?"

ತಾಯಿ ಬಾಗಿಲಲ್ಲೇ ನಿಂತಳು. ಪಕ್ಕದ ಕೋಣೆಯಲ್ಲಿ ದೊಡ್ಡವಳು ಪುಸ್ತಕದ ಹಾಳೆ ತಿರುವುವುದನ್ನು ನಿಲ್ಲಿಸಿದ್ದು ಅವಳಿಗೆ ಕೇಳಿಸಿತು. ನಿನ್ನೆಯದೆಲ್ಲ ಅಳಿಸಿಹೋಗಿತ್ತು. ಈಗ ಹೂಂ ಎಂದರೂ ನಡೆಯುತ್ತಿತ್ತು.

"ಇಲ್ಲ ಪುಟ್ಟಿ," ಎಂದಳು. "ಅಕ್ಕ ಬೇರೆ ಓದ್ತಾಳೆ."

ಪುಟ್ಟಿ ಹೊಸದಾಗಿ ಕೇಳಿದವಳಂತೆ ಅತ್ತಳು. ಅದರ ಮರುದಿನವೂ ಕೇಳಿದಳು, ಅದರಾಚೆಯೂ. ತಾಯಿ ಪ್ರತಿ ಸಲವೂ ಹೇಳಿದಳು. ಹೇಳುವುದು ರೂಢಿಯಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ದೊಡ್ಡವಳು ಗಣಿತದ ಪುಸ್ತಕ ತೆರೆದಿಟ್ಟುಕೊಂಡು ಆ ಹೊತ್ತು ಮುಗಿಯುವುದನ್ನು ಕಾಯುತ್ತಿದ್ದಳು. ಒಮ್ಮೆ ಅಡುಗೆಮನೆಗೆ ಬಂದು, "ನಾನು ಬದಲಾಯಿಸ್ಕೊಳ್ಳಲಾ ಅಮ್ಮ, ಇನ್ನೂ ಕೇಳಿ ನೋಡಬಹುದು," ಎಂದಳು. "ನಿನ್ನ ಲೆಕ್ಕ ಮಾಡು ಹೋಗು," ಎಂದಳು ತಾಯಿ. ಅಳು ಒಂದೊಂದು ದಿನ ಬೇಗ ಮುಗಿಯುತ್ತಿತ್ತು, ಒಂದೊಂದು ದಿನ ಪುಡಿಯ ಲೋಟ ಗೋಡೆಗೆ ಹಾರುತ್ತಿತ್ತು.

ದೊಡ್ಡವಳು ಹಾಸ್ಟೆಲಿಗೆ ಹೊರಡುವ ವಾರ ಬಂತು. ಒಂದು ಬೆಳಿಗ್ಗೆ ತಾಯಿ ಎಂದಿನಂತೆ ಲೋಟ ಹಿಡಿದು ಬಂದಳು. ಪುಟ್ಟಿ ಎದ್ದಿದ್ದಳು. ಕೈ ಚಾಚಿ ಲೋಟ ತೆಗೆದುಕೊಂಡು, ಮೂಗು ಮುಚ್ಚಿ, ಕೊನೆಯ ಹನಿಯವರೆಗೆ ಕುಡಿದು, ಖಾಲಿ ಲೋಟವನ್ನು ವಾಪಸು ಕೊಟ್ಟಳು. ತಾಯಿ ಲೋಟ ಹಿಡಿದು ಮಂಚದ ಪಕ್ಕ ನಿಂತಳು. ಉತ್ತರ ಬಾಯಲ್ಲಿ ಸಿದ್ಧವಾಗಿತ್ತು. ಪುಟ್ಟಿ ಗೋಡೆಯ ಕಡೆ ತಿರುಗಿ ಕೂತು ತನ್ನ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿದಳು ತಾಯಿ. ಪುಟ್ಟಿ ಏನೂ ಕೇಳಲಿಲ್ಲ.